ಹಲಗೆಯಲ್ಲಿಲ್ಲದ ಮನೆ

ಮೊಗ್ರಾಲಿಗೆ ಮದುವೆಯಾಗಿ ಬಂದ ಹೊಸತರಲ್ಲಿ, ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದ ಕಡಲ ದಂಡೆಯನ್ನು ಒಂದು ಹಲಸಿನ ಹಲಗೆಯಲ್ಲಿ ಕೆತ್ತಿದ್ದೆ. ತೆಂಗಿನ ಸಾಲು, ಅದರ ಕೊನೆಗೆ ಮೀನು ಮಾರುವ ಅಕ್ಕನ ಹಂಚಿನ ಮನೆ. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಸಿಸ್ಟರ್ ಬಟಾಟೆ ಕೊರೆದು ಅಚ್ಚೊತ್ತಲು ಕಲಿಸಿದ್ದೇ ನನ್ನ ವಿದ್ಯೆ. ಹಲಗೆಗೆ ಮಸಿ ಹಚ್ಚಿ, ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜುತ್ತಿದ್ದೆ.

ಕಡಲ್ಕೊರೆತಕ್ಕೆ ಒಂದು ತೆಂಗು ಬಿದ್ದ ಮಳೆಗಾಲದಲ್ಲಿ ಹಲಗೆಯಿಂದಲೂ ಅದನ್ನು ಕೆತ್ತಿ ತೆಗೆದೆ. ಅಚ್ಚಿನಲ್ಲಿ ಆ ಜಾಗ ಬಿಳಿಯಾಗಿ ಬಂತು. ಆಮೇಲೆ ಕಡಲಿಗೆ ಹೋದದ್ದನ್ನು ಕೆತ್ತಿ ತೆಗೆದು ವರ್ಷಕ್ಕೊಂದು ಅಚ್ಚು ಒತ್ತುವುದೇ ಅಭ್ಯಾಸವಾಯಿತು. ದಂಡೆಗೆ ಬಂಡೆಕಲ್ಲು ತಂದು ಸುರಿದರು, ಅವೂ ಮುಳುಗಿದವು. ಕಿಟಕಿಯಲ್ಲಿ ನಿಂತು ನೋಡುವುದು, ಆಮೇಲೆ ಉಳಿ ಹಿಡಿಯುವುದು, ಬೇರೇನೂ ನನ್ನಿಂದಾಗುತ್ತಿರಲಿಲ್ಲ.

ಮೀನು ಕೊಡಲು ಬಂದ ಅಕ್ಕ ಒಮ್ಮೆ ಹಲಗೆ ನೋಡಿ ನಕ್ಕರು. “ಎಂತ ಮಾರಾಯ್ತಿ, ಕಡಲು ತಿಂದದ್ದು ಸಾಲದಾ? ನೀನೂ ತಿನ್ನುದಾ? ನನ್ನ ಮನೆಗೆ ಮಾತ್ರ ಕೈ ಹಾಕಬೇಡ, ಆಯ್ತಾ?”

ಆ ವರ್ಷದ ಅಚ್ಚನ್ನು ಅವರಿಗೇ ಕೊಟ್ಟೆ. ದೇವರ ಪಟದ ಪಕ್ಕ ಅಂಟಿಸಿಕೊಂಡರು.

ಮುಂದಿನ ಆಟಿ ತಿಂಗಳ ಮಳೆಗೆ ಕಡಲು ಅಕ್ಕನ ಮನೆಯನ್ನೇ ತಿಂದಿತು, ಗೋಡೆಯ ಸಮೇತ ಆ ಅಚ್ಚೂ ಹೋಯಿತು. ಅಕ್ಕ ಮಗಳ ಮನೆ ಸೇರಿದರು. ತುಂಬ ದಿನ ನಾನು ಹಲಗೆ ಮುಟ್ಟಲಿಲ್ಲ. ಇಲ್ಲದ ಮನೆಯನ್ನು ಅಚ್ಚೊತ್ತಲಿಕ್ಕೂ ಕೈ ಬರಲಿಲ್ಲ. ಕೊನೆಗೆ ಮನೆಯನ್ನೂ ಕೆತ್ತಿ ತೆಗೆದೆ. ಹಂಚಿನ ಮಾಡು ಬೇಗ ಹೋಯಿತು. ಮೆಟ್ಟಿಲಿನ ಹತ್ತಿರ ಹಲಗೆಯಲ್ಲಿ ಗಂಟು ಇತ್ತು, ಉಳಿ ಜಾರಿತು.

ಮಳೆ ಕಳೆದು ಅಕ್ಕ ಬಂದರು. ತಲೆಯ ಮೇಲೆ ಬುಟ್ಟಿ ಇರಲಿಲ್ಲ.

“ಆ ಚಿತ್ರ ಇನ್ನೊಂದು ಕೊಡ್ತೀಯಾ? ನನ್ನ ಮನೆ ಇದ್ದದ್ದು.”

ಹಳೆಯ ಪ್ರತಿಗಳನ್ನೆಲ್ಲ ಮಳೆಗಾಲದ ಬೂಷ್ಟು ತಿಂದಿತ್ತು. ಕೆತ್ತಿ ತೆಗೆದದ್ದನ್ನು ಹಲಗೆಗೆ ಮತ್ತೆ ಸೇರಿಸಲು ಬರುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಕೆತ್ತಿದ ಮೇಲೆ ಒತ್ತಿ ಒಣಗಿಸಿದ್ದ ಅಚ್ಚನ್ನು ತಂದು, ಬಿಳಿಯ ಜಾಗದಲ್ಲಿ ಪೆನ್ಸಿಲಿನಿಂದ ಮನೆ ಬಿಡಿಸತೊಡಗಿದೆ.

“ಬಾಗಿಲು ಅಷ್ಟು ದೊಡ್ಡ ಇರ್ಲಿಲ್ಲ. ಬಗ್ಗಿ ಹೋಗ್ಬೇಕಿತ್ತು.”

ಅಳಿಸಿ ಸಣ್ಣದು ಮಾಡಿದೆ. “ಜಗಲಿಗೆ ಕಂಬ ಎಷ್ಟು, ಅಕ್ಕ?”

ಕಿಟಕಿಯ ಹೊರಗೆ ಈಗಲೂ ಕಾಣುತ್ತದೇನೋ ಎಂಬಂತೆ ಅವರು ಆ ಕಡೆ ನೋಡಿದರು. “ಗೊತ್ತಿಲ್ಲ ಮಗಾ. ಇರುವಾಗ ಯಾರು ಲೆಕ್ಕ ಹಾಕ್ತಾರೆ?”

ಅಂದಿನಿಂದ ನನ್ನ ಚಿತ್ರಗಳೆಲ್ಲ ಹೀಗೆಯೇ. ಉಳಿದದ್ದು ಮಸಿಯಲ್ಲಿ, ಹೋದದ್ದು ಪೆನ್ಸಿಲಿನಲ್ಲಿ.

ಆ ದಿನ ಅಕ್ಕ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಬಾಗಿಲನ್ನು ಸವರುತ್ತ ಕೂತರು. ಮಸಿಯ ತೆಂಗುಗಳಿಗೆ ಏನೂ ಆಗಲಿಲ್ಲ. ಪೆನ್ಸಿಲಿನ ಬಾಗಿಲು ಮಸುಕಾಗುತ್ತ ಬಂತು.