ಉಸ್ತಾದರಿಗೆ ನಮ್ಮ ಮನೆಯಲ್ಲಿ ಊಟವಿದ್ದ ದಿನ

ಲಿಫ್ಟ್ ಬೇರೆ ಕೆಟ್ಟಿದೆ. ಶಾರ್ಜಾದಲ್ಲಿರುವ ಮಗಳ ಮನೆಗೆ ಐದು ಮಹಡಿ ಹತ್ತಿ ಬಂದು ಪುತ್ತೂರಿಗೆ ಫೋನ್ ಮಾಡಿದರೆ, ಚಾ ತಣ್ಣಗಾಗಿದೆಯೆಂದು ಮಗ ಸೊಸೆಗೆ ಬೈಯುತ್ತಿದ್ದಾನೆ, ಮಕ್ಕಳ ಎದುರಿಗೇ.

ನಾನು ಕಬಕದಲ್ಲಿ ಚಿಕ್ಕವಳಿದ್ದಾಗ ಮದ್ರಸದ ಉಸ್ತಾದರಿಗೆ ದಿನಕ್ಕೊಂದು ಮನೆಯಲ್ಲಿ ಊಟ. ನಮ್ಮ ಸರದಿಯ ದಿನ ಬೆಳಿಗ್ಗೆ ಅವರು ಕಲಿಸಿದ್ದು, ಹೆತ್ತ ಉಮ್ಮನ ಎದುರು ದನಿ ಏರಿಸಬಾರದು ಎಂದು. ಮಧ್ಯಾಹ್ನ ಅವರೊಂದಿಗೆ ಚಾಪೆಯಲ್ಲಿ ಕುಳಿತ ಬಾಪ, ಮೀನುಸಾರು ಬಾಯಿಗಿಟ್ಟವರೇ ಒಳಗಿದ್ದ ಉಮ್ಮನಿಗೆ ಕೂಗಿದರು.

"ಉಪ್ಪು ಹಾಕ್ಲಿಕ್ಕೂ ಗೊತ್ತಿಲ್ವಾ ನಿಂಗೆ? ಎಂತ ಮಾಡುದು ಅಲ್ಲಿ?"

ಒಳಗೆ ಉಮ್ಮನ ಬಳೆಗಳ ಸದ್ದು ನಿಂತಿತು. ಉಸ್ತಾದರು ಅನ್ನದಿಂದ ಕೈ ತೆಗೆದರು. ಬಾಪ ಮದ್ರಸ ನಡೆಸುವ ಹಿರಿಯರಲ್ಲೊಬ್ಬರು. ಅವರು ಮುನಿದರೆ ಉಸ್ತಾದರ ಕೆಲಸವೇ ಹೋಗುತ್ತಿತ್ತು.

"ಬೆಳಿಗ್ಗೆ ನಾನು ಕಲಿಸಿದ್ದನ್ನು ಮಧ್ಯಾಹ್ನ ನೀವು ಅಳಿಸಿದ್ರೆ ಹೇಗೆ ಮಾರಾಯ್ರೆ? ಮಕ್ಕಳು ನೋಡಿ ಕಲಿಯುದು ನಿಮ್ಮನ್ನು."

ಬಾಪ ಎದ್ದು ಅಡುಗೆಮನೆಗೆ ಹೋದರು. ಒಳಗೆ ಏನೋ ಮೆಲ್ಲಗೆ ಹೇಳಿದ್ದು ಕೇಳಿಸಿತು. ಉಪ್ಪಿನ ಮರಿಗೆಯನ್ನು ತಾವೇ ತಂದು ಉಸ್ತಾದರ ಮುಂದಿಟ್ಟರು.

"ಉಣ್ಣಿ ಉಸ್ತಾದರೇ, ತಣಿತದೆ."

ಒಳಗೆ ಉಮ್ಮನ ಬಳೆಗಳ ಸದ್ದು ಮತ್ತೆ ಶುರುವಾಯಿತು.

ಮಗನಿಗೂ ಯಾರಾದರೂ ಹೇಳಬೇಕು. ಆದರೆ ಮಕ್ಕಳ ಎದುರು ನಾನು ಅವನಿಗೆ ಬೈಯಲಾರೆ. ನಾಳೆ ಮಕ್ಕಳು ಮದ್ರಸಕ್ಕೆ ಹೋದ ಮೇಲೆ, ಊರಿನ ಬೆಳಗಿನ ಏಳು ಗಂಟೆಗೆ ಕರೆ ಮಾಡುತ್ತೇನೆ.