ಹೊಳೆಗಿಳಿಯದ ಎತ್ತು

ಸೂರ್ಯ ಹುಟ್ಟಿ ಸರಿಯಾಗಿ ಏಳು ಗಳಿಗೆಯಾಗಿದ್ದಾಗ ನಮ್ಮ ಜೋಡಿಯಲ್ಲೊಂದು ಎತ್ತು ಹೊಳೆಯ ಅಂಚಿನಲ್ಲಿ ನಿಂತುಬಿಟ್ಟಿತು. ಎತ್ತು ನಿಲ್ಲುವುದು ಬರೆದಿಡುವಂಥ ಸಂಗತಿಯಲ್ಲ. ಆದರೆ ಗಾಡಿಯಲ್ಲಿ ಎಂಟು ತಿಂಗಳ ಬಸುರಿ ಹೆಂಡತಿ, ಬೆನ್ನ ಹಿಂದೆ ಶ್ರೀರಂಗಪಟ್ಟಣದ ಕೋಟೆ, ಮಧ್ಯಾಹ್ನದೊಳಗೆ ಪರಂಗಿ ದಂಡು ಈ ದಾರಿಯನ್ನೂ ಕಟ್ಟುತ್ತದೆಂಬ ಸುದ್ದಿ, ಇಷ್ಟೂ ಇರುವಾಗ ಆ ನಾಲ್ಕು ಕಾಲುಗಳಿಗಿಂತ ಮುಖ್ಯವಾದದ್ದು ಲೋಕದಲ್ಲಿ ಬೇರೇನೂ ಇರಲಿಲ್ಲ. ನಾಗಮಂಗಲದ ಅವಳ ತವರು ಸೇರಿದರೆ ಎರಡು ಜೀವ ಉಳಿದಂತೆ.

ಗಾಡಿ ಹೊಡೆಯುವವನನ್ನು ಹಿಂದಿನ ದಿನವೇ ಕೋಟೆಯವರು ತೋಪಿನ ಬಂಡಿ ಎಳೆಸಲು ಕರೆದೊಯ್ದಿದ್ದರು. ನೊಗ ಕಟ್ಟಿದವನು ನಾನೇ, ಹನ್ನೆರಡು ವರ್ಷ ಪಾಠಶಾಲೆಯಲ್ಲಿ ತರ್ಕ ಓದಿದವನು. ಜೀವಿಯೊಂದು ಕೆಲಸಕ್ಕೆ ತೊಡಗಬೇಕಾದರೆ ಇದರಿಂದ ನನಗೆ ಬೇಕಾದದ್ದು ಸಿಗುತ್ತದೆ, ಇದು ನನ್ನಿಂದಾಗುತ್ತದೆ, ಇದರಿಂದ ದೊಡ್ಡ ಕೇಡಿಲ್ಲ ಎಂಬ ಮೂರು ತಿಳಿವು ಬೇಕೆಂದು ಶಿಷ್ಯರಿಗೆ ತಿಂಗಳುಗಟ್ಟಲೆ ಪಾಠ ಹೇಳಿದವನು. ನಗಬೇಡಿ, ಆ ಮೂರನ್ನೂ ಎತ್ತಿಗೆ ಒಪ್ಪಿಸಲು ಹೊರಟೆ. ಹುಲ್ಲು ತೋರಿಸಿದೆ, ಬೆನ್ನು ಸವರಿದೆ, ನಾನೇ ಮೊಣಕಾಲುದ್ದ ನೀರಿಗಿಳಿದು ಆಳವಿಲ್ಲವೆಂದು ಸಾಧಿಸಿದೆ. ಕೊನೆಗೆ, ಶಾಸ್ತ್ರ ಮುಗಿದಲ್ಲಿ ಎಲ್ಲರೂ ಹಿಡಿಯುವ ಕೋಲನ್ನೂ ಹಿಡಿದೆ. ಅದು ಬಾಲ ಬೀಸಿತು, ಅಷ್ಟೇ.

ನಮ್ಮ ಹಿಂದೆಯೇ ಹೆಂಡತಿ ಮಕ್ಕಳೊಡನೆ ಬರುತ್ತಿದ್ದ ಬಡಗಿ ಪುಟ್ಟಾಚಾರಿ ತಲೆಯ ಮೇಲಿನ ಉಳಿ ಬಾಚಿಗಳ ಗಂಟನ್ನು ಕೆಳಗಿಟ್ಟು ನೊಗವನ್ನೂ ಎತ್ತುಗಳ ಹೆಗಲ ಜಡ್ಡನ್ನೂ ಒಮ್ಮೆ ನೋಡಿದ.

"ಎಡಗಡೇದ ಬಲಕ್ಕೆ ಕಟ್ಟಿದ್ದೀರಲ್ಲ ಅಯ್ನೋರೆ. ಇಷ್ಟು ದೂರ ಬಂದದ್ದೇ ಎಚ್ಚು."

ಬಿಚ್ಚಿ, ಅದಲು ಬದಲು ಮಾಡಿ ಕಟ್ಟಿದ. "ಮದ್ವೆ ಗಂಡಿನಂಗೆ ನಿಂತವ್ನೆ. ನಡಿಲಾ" ಎಂದು ಎತ್ತಿನ ಬೆನ್ನು ತಟ್ಟಿದ. ಎತ್ತು ಪಕ್ಕದ ಜೊತೆಯ ಕುತ್ತಿಗೆಯನ್ನು ಒಮ್ಮೆ ಮೂಸಿ ನೀರಿಗಿಳಿಯಿತು. ನಡುಹೊಳೆಯಲ್ಲಿದ್ದಾಗ ಕೋಟೆಯ ಕಡೆ ತೋಪು ಹಾರಿತು. ಚಕ್ರದ ಮರೆಗೆ ಕೂತವನು ನಾನು. ಎತ್ತುಗಳೆರಡೂ ನಡೆಯುತ್ತಲೇ ಇದ್ದವು. ನಿಂತಿದ್ದ ಎತ್ತಿಗೆ ನೀರಿನ ಭಯವಿರಲಿಲ್ಲ, ಹುಲ್ಲಿನ ಆಸೆಯೂ ಇರಲಿಲ್ಲ. ಐದು ವರ್ಷ ತನ್ನ ಬಲಗಡೆಗಿದ್ದ ಜೊತೆಯ ಎತ್ತು ಬಲಗಡೆಗೇ ಇರಬೇಕಿತ್ತು. ನನ್ನ ಮೂರು ತಿಳಿವುಗಳಲ್ಲಿ ಇದಕ್ಕೆ ಜಾಗವಿಲ್ಲ.

ಹಿರೋಡೆ ಊರನ್ನು ದಾಟಿ ಮಾರನೆಯ ಸಂಜೆ ತವರು ಸೇರಿದೆವು. ಹೆಂಡತಿ ಕ್ಷೇಮ. ನಿದ್ದೆ ಮಾತ್ರ ಇಬ್ಬರಿಗೂ ಇಲ್ಲ. ಒನಕೆಯ ಸದ್ದಿಗೂ ನಾನು ಎದ್ದು ಕೂರುವುದು, ನಾನು ಕೂತೆನೆಂದು ಅವಳೂ ಕೂರುವುದು. ಹತ್ತು ದಿನ ಹೀಗೆ. ಮಾವನ ಪಡಸಾಲೆಯಲ್ಲಿ ನಾನು ಕಾವಲುಗಾರನ ಠೀವಿಯಿಂದ ಬಾಗಿಲ ಪಕ್ಕ ಚಾಪೆ ಹಾಸಿಕೊಂಡಿದ್ದೆ. ಶತ್ರು ಬಂದರೆ ತರ್ಕದಿಂದ ಎದುರಿಸುವ ಉದ್ದೇಶವಿತ್ತೇನೋ.

ಹನ್ನೊಂದನೆಯ ಸಂಜೆ ಅವಳು ನನ್ನ ಚಾಪೆಯನ್ನು ಸುರುಳಿ ಸುತ್ತಿ ಗೋಡೆಯ ಕಡೆಗೆ ಹಾಸಿದಳು.

"ಏನೂಂದ್ರೆ, ಬಾಗಿಲ ಕಡೆ ನಾನಿರ್ತೀನಿ. ನಮ್ಮ ಮನೇಲೂ ಹಾಗೇ ತಾನೆ, ಮೊದಲು ಏಳೋಳು ನಾನು."

ಕಾವಲುಗಾರ ಹೋಗಿ ಗೋಡೆಯ ಕಡೆಗೆ ಹೊರಳಿ ಮಲಗಿದೆ. ಬೆನ್ನ ಹಿಂದೆ ಅವಳ ಉಸಿರು ಇರಬೇಕಾದ ಕಡೆಯಲ್ಲಿತ್ತು.

ಕಣ್ಣು ಬಿಟ್ಟಾಗ ಅಂಗಳದ ತುಂಬ ಬಿಸಿಲು. ಬಾಗಿಲ ಕಡೆಯವಳೂ ಅಂದು ಮೊದಲು ಎದ್ದಿರಲಿಲ್ಲ. ಹೊತ್ತು ಕೇಳಿದರೆ, ಸೂರ್ಯ ಹುಟ್ಟಿ ಏಳು ಗಳಿಗೆಯಾಗಿದೆ ಎಂದರು ಮಾವ.