ತಳ ಹಿಡಿಯದ ಶಾಯಿ

ಭಾವ ಅಕ್ಕನಿಗೆ ಹೊಡೆಯುವುದನ್ನು ಅವಳು ಮೊದಲ ಸಲ ಕಣ್ಣಾರೆ ಕಂಡದ್ದು ಹದಿನೇಳನೆಯ ವಯಸ್ಸಿನಲ್ಲಿ. ಅಂಗಿಗೆ ಗುಂಡಿ ಹೊಲಿದಿರಲಿಲ್ಲ, ಅಷ್ಟೇ ಕಾರಣ. ತಂದೆತಾಯಿ ಇಬ್ಬರೂ ಹೋದಮೇಲೆ ಅಕ್ಕನ ಮನೆಯೇ ಅವಳ ಮನೆ. ಹಂಗಿನ ಅನ್ನ ಉಣ್ಣುವವಳು ಬಾಯಿ ಬಿಡುವುದಾದರೂ ಹೇಗೆ? ಅಂದು ಅಡುಗೆಮನೆಗೆ ಹೋಗಿ, ಸದ್ದು ಕೇಳಿಸದಿರಲೆಂದು ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ನಿಂತಳು. ಹಾಗೆ ಹತ್ತು ವರ್ಷ ನಿಂತಳು.

ಭಾವ ಶಾಯಿ ಕಾರ್ಖಾನೆಯಲ್ಲಿ ಮಿಕ್ಸಿಂಗ್ ಮೇಸ್ತ್ರಿ. ಆರಡಿ ಆಳು, ಕೋಪ ಮೂಗಿನ ತುದಿಯಲ್ಲೇ. ಎದುರು ಮಾತಾಡಿದ ಪ್ಯಾಕಿಂಗಿನವನ ಎರಡು ಹಲ್ಲು ಉದುರಿಸಿದ್ದ. ಆ ಮನುಷ್ಯ ಮೆಟ್ಟಿಲಿನಿಂದ ಬಿದ್ದೆ ಎಂದೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ರಸಾಯನಶಾಸ್ತ್ರ ಓದಿದ ನಾದಿನಿಯನ್ನು ಅಲ್ಲಿನ ಲ್ಯಾಬಿಗೆ ಸೇರಿಸಿದವನೂ ಅವನೇ. ಸದಾ ಕೈಯಲ್ಲೊಂದು ಸೀಸೆ ಹಿಡಿದು ಬೆಳಕಿಗೆ ಒಡ್ಡುತ್ತಿದ್ದ ಅವಳಿಗೆ ‘ಸೀಸೆ’ ಎಂದೇ ಹೆಸರು ಬಿತ್ತು.

ಅವರು ತಯಾರಿಸುತ್ತಿದ್ದದ್ದು ಪ್ರಿಂಟರುಗಳ ಕಪ್ಪು ಶಾಯಿ. ಅದರಲ್ಲಿ ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ. ಕಣಗಳು ಒಂದಕ್ಕೊಂದು ಅಂಟದಂತೆ ಅವುಗಳ ಮೈಗೆ ಒಂದು ರಾಸಾಯನಿಕದ ಹೊದಿಕೆ. “ಓರಗಿತ್ತಿಯರ ಹಾಗೆ, ದೂರ ದೂರ ಇದ್ರೇನೇ ಚೆಂದ,” ಎಂದು ಸೀಸೆ ಹೊಸಬರಿಗೆ ಹೇಳಿ ನಗಿಸುತ್ತಿದ್ದಳು.

ಆದರೆ ಅವರ ಕಾರ್ಖಾನೆಯ ಶಾಯಿ ದೂರ ದೂರ ಇರುತ್ತಿರಲಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ಬಾಟಲಿಯ ತಳದಲ್ಲಿ ಕೆಸರು. ಪ್ರಿಂಟರಿನ ಸೂಜಿಮೊನೆಯಂಥ ತೂತುಗಳು ಕಟ್ಟಿಕೊಂಡು, ಪೆಟ್ಟಿಗೆಗಟ್ಟಲೆ ಮಾಲು ವಾಪಸು ಬರತೊಡಗಿತು. ವಯಸ್ಸಾದ ಯಜಮಾನರು ಒಂದು ಬಾಟಲಿಯನ್ನು ಅವಳ ಮೇಜಿನ ಮೇಲೆ ಕುಕ್ಕಿದರು.

“ವರ್ಷ ನಿಲ್ಲದೇ ಇರೋ ಇಂಕು ಇಂಕೇನಮ್ಮಾ? ಕಾರಣ ಹುಡುಕು.”

ಹುಡುಕಿದಳು. ಹೊದಿಕೆಯ ರಾಸಾಯನಿಕ ಹೆಚ್ಚಿಸಿದಳು, ಅರೆಯುವ ಹೊತ್ತು ಹೆಚ್ಚಿಸಿದಳು. ಲ್ಯಾಬಿನಲ್ಲಿ ಅವಳು ಮಾಡಿದ್ದು ನಿಲ್ಲುತ್ತಿತ್ತು. ಅದೇ ಲೆಕ್ಕದಲ್ಲಿ ಕೆಳಗೆ ದೊಡ್ಡ ತೊಟ್ಟಿಯಲ್ಲಿ ಮಾಡಿದ್ದು ತಳಕ್ಕೆ ಕೂರುತ್ತಿತ್ತು. ಒಂದು ಬೆಳಿಗ್ಗೆ ಏನೋ ಹೊಳೆದು, ಪುಡಿ ಹಾಕುವ ಮುಂಚೆಯೇ ತೊಟ್ಟಿಯಿಂದ ಒಂದು ಲೋಟ ನೀರು ತಂದು ಸೋಪು ಹಾಕಿ ಕಲಕಿದಳು. ನೊರೆಯೇ ಏಳಲಿಲ್ಲ. ಗಡಸು ನೀರು, ಬೋರ್‌ವೆಲ್ಲಿನದು. ಅದರಲ್ಲಿರುವ ಸುಣ್ಣದ ಅಂಶ ಕಣಗಳ ಹೊದಿಕೆಯನ್ನು ಕೆಡಿಸಿ ಒಂದಕ್ಕೊಂದು ಅಂಟಿಸುತ್ತಿತ್ತು. ಶುದ್ಧೀಕರಿಸಿದ ನೀರಿನಿಂದ ತೊಟ್ಟಿ ತುಂಬಲು ನಾಲ್ಕು ಗಂಟೆ ಬೇಕು. ಅಷ್ಟು ಕಾಯುವ ತಾಳ್ಮೆ ಮೇಸ್ತ್ರಿಗೆಲ್ಲಿ? ತೊಟ್ಟಿಯ ಹಿಂದೆ ಹಸಿರು ಪೈಪೊಂದನ್ನು ಬೋರ್‌ವೆಲ್ಲಿನ ನಲ್ಲಿಗೆ ಸಿಕ್ಕಿಸಿದ್ದ.

ಯಜಮಾನರಿಗೆ ಹೇಳುವ ಮೊದಲು ಅವಳು ಮನೆಯಲ್ಲಿ ಊಟಕ್ಕೆ ಕೂತಾಗ ಭಾವನಿಗೇ ಹೇಳಿದಳು.

“ಭಾವ, ಆ ಪೈಪು ತೆಗೆದುಬಿಡಿ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ.”

ಭಾವ ಊಟ ಮುಗಿಸಿದ, ಕೈ ತೊಳೆದ, ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. ಆಮೇಲೆ ಅಕ್ಕನ ಜಡೆ ಹಿಡಿದು ಎಳೆದೊಯ್ದು ಅವಳ ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಒಮ್ಮೆ, ಇನ್ನೊಮ್ಮೆ. ಹುಬ್ಬು ಸೀಳಿ ರಕ್ತ ಗದ್ದದವರೆಗೂ ಇಳಿಯಿತು.

“ನಿನ್ನ ತಂಗಿಗೆ ಬುದ್ಧಿ ಹೇಳು,” ಎಂದ.

ಬಟ್ಟೆ ಒತ್ತಿ ಹಿಡಿದ ತಂಗಿಯ ಕೈಯನ್ನು ಅಕ್ಕ ತಳ್ಳಿಬಿಟ್ಟಳು. “ಇಲ್ಲದ ಉಸಾಬರಿ ನಿನಗ್ಯಾಕೆ ಬೇಕಿತ್ತೇ? ಏಟು ತಿನ್ನೋಳು ನಾನು.”

ಸೀಸೆ ಬಾಯಿ ಮುಚ್ಚಿಕೊಂಡಳು, ಕೈ ಕಟ್ಟಿಕೊಳ್ಳಲಿಲ್ಲ. ಶುದ್ಧ ನೀರಿನ ಶಾಯಿ ಎಂಟು ಬಾಟಲಿ, ಬೋರ್‌ವೆಲ್ ನೀರಿನದು ಎಂಟು ಬಾಟಲಿ ತುಂಬಿ ಲ್ಯಾಬಿನ ಓವನ್ ಎಂಬ ಕಬ್ಬಿಣದ ಒಲೆಪೆಟ್ಟಿಗೆಯಲ್ಲಿ ಅರವತ್ತು ಡಿಗ್ರಿ ಶಾಖದಲ್ಲಿಟ್ಟಳು. ಆ ಶಾಖದಲ್ಲಿ ಎಂಟು ವಾರ ಕಳೆದರೆ ಕಪಾಟಿನಲ್ಲಿ ವರ್ಷ ಕಳೆದ ಹಾಗೆ ಎಂಬುದು ಅವಳ ಅಂದಾಜು. ಎಂಟು ವಾರವೂ ಮನೆಯಲ್ಲಿ ಭಾವನಿಗೆ ನೀರು ಕೊಟ್ಟಳು, ತಟ್ಟೆ ಇಟ್ಟಳು, ಅವನ ಕೈಗಳನ್ನೇ ನೋಡುತ್ತಿದ್ದಳು.

ಬಾಟಲಿ ತೆರೆಯುವ ದಿನ ಅವಳೇ ಕರೆದಿದ್ದರಿಂದ ಯಜಮಾನರು ಹನ್ನೊಂದಕ್ಕೆ ಬರುವವರಿದ್ದರು. ಹೇಗೋ ಸುದ್ದಿ ತಿಳಿದು ಹತ್ತೂವರೆಗೆ ಭಾವ ಬಂದ, ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್. ಒಲೆಪೆಟ್ಟಿಗೆಯ ಬಾಗಿಲು ತೆಗೆದು ಬೀಸಿದ. ಗಾಜು ಸಿಡಿಯಿತು, ಬಿಸಿ ಶಾಯಿ ಗೋಡೆಗೆ ಚಿಮ್ಮಿತು. ಉಳಿದದ್ದನ್ನಾದರೂ ಉಳಿಸಿಕೊಳ್ಳಲು ಅವಳು ಎಡಗೈ ಒಳಗೆ ಹಾಕಿದಳು. ಅವನು ಕಬ್ಬಿಣದ ಬಾಗಿಲನ್ನು ಆ ಕೈ ಮೇಲೆಯೇ ದಬ್ಬಿ, ಭುಜ ಕೊಟ್ಟು ಒತ್ತಿದ. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

“ಬಿಡೋ,” ಎಂದಳು. ಹತ್ತು ವರ್ಷದಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವನು ನಕ್ಕ. ಅವಳ ಬಲಗೈಗೆ ಪಕ್ಕದ ಮೇಜಿನ ದಪ್ಪ ಗಾಜಿನ ಜಾಡಿ ಸಿಕ್ಕಿತು. ಮುಖಕ್ಕೆ ಬಾರಿಸಿದಳು. ಜಾಡಿ ಒಡೆಯಿತು. ಅವನು ಕಣ್ಣು ಹಿಡಿದು ಕುಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ಅವಳು ನಿಲ್ಲಿಸಲಿಲ್ಲ. ಬಿದ್ದ ಸ್ಪ್ಯಾನರ್ ಎತ್ತಿಕೊಂಡು ಬೆನ್ನಿಗೆ, ಭುಜಕ್ಕೆ, ಮಂಡಿಗೆ ಬಾರಿಸಿದಳು. ಆಗ ಅವಳ ಬಾಯಿಂದ ಬಂದದ್ದು ಅವನು ಅಕ್ಕನಿಗೆ ಬೈಯುತ್ತಿದ್ದ ಬೈಗುಳಗಳೇ, ಒಂದಕ್ಷರವೂ ಆಚೀಚೆಯಾಗದೆ. ಎರಡು ಹಲ್ಲು ಕಳೆದುಕೊಂಡಿದ್ದ ಪ್ಯಾಕಿಂಗಿನವನು ಓಡಿ ಬಂದು ಅವಳ ಸೊಂಟ ಹಿಡಿದು ಎಳೆದ. “ಸಾಕು ತಾಯಿ, ಸತ್ತೋಗ್ತಾನೆ!”

ಗಾಜಿನ ಚೂರು ತುಳಿಯುತ್ತ ಒಳಬಂದ ಯಜಮಾನರು ಮೊದಲು ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಒಡೆಯದೆ ಉಳಿದಿದ್ದ ಮೂರು ಬಾಟಲಿಗಳನ್ನು ಬಗ್ಗಿಸಿ ನೋಡಿದರು. ಶುದ್ಧ ನೀರಿನವೆಂದು ಚೀಟಿ ಅಂಟಿಸಿದ್ದ ಎರಡೂ ಕೊನೆಯ ಹನಿಯವರೆಗೂ ಸಲೀಸಾಗಿ ಸುರಿದವು. ಬೋರ್‌ವೆಲ್ ನೀರಿನ ಮೂರನೆಯದರಲ್ಲಿ ತಿಳಿನೀರು ಹರಿದು, ತಳದಲ್ಲಿ ಕಪ್ಪು ಗಸಿ ಉಳಿಯಿತು.

ಭಾವನ ಒಂದು ಕಣ್ಣು ಹೋಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ತಂಗಿಯ ಕೆನ್ನೆಗೆ ಬಾರಿಸಿದಳು. “ನಿನ್ನ ಹಾಳು ಇಂಕು ನಿಲ್ಲಿಸೋಕೆ ನನ್ನ ಮನೆ ಮುರಿದ್ಯಲ್ಲೇ!” ಸೀಸೆ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಳು. ಮನೆಗೆ ಮರಳದೆ, ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗೆ ನಿಂತಳು. ಪೊಲೀಸರು ಅವಳ ಮೇಲೂ ಭಾವನ ಮೇಲೂ ಕೇಸು ಬರೆದುಕೊಂಡಿದ್ದರು. ನಾದಿನಿಗೆ ತಲೆ ಕೆಟ್ಟಿದೆ ಎಂದು ಭಾವ ಹೇಳಿಕೆ ಕೊಟ್ಟಿದ್ದ.

ಇಪ್ಪತ್ತು ದಿನಕ್ಕೆ ಅಕ್ಕ ಆ ಕೋಣೆಯ ಬಾಗಿಲು ತಟ್ಟಿದಳು. ಬರಿಗಾಲು. ಬಲತೋಳು ಭುಜದಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಗಂಡ ಕುದಿಯುವ ನೀರು ಎರಚಿದ್ದ. “ಒಂದೇ ಕಣ್ಣಿದ್ರೂ ಗುರಿ ತಪ್ಪಲಿಲ್ಲ ಕಣೇ,” ಎಂದು ನಗಲು ಹೋಗಿ ಅಳತೊಡಗಿದಳು. ಮರುದಿನವೇ ಠಾಣೆಗೆ ಹೋಗಿ ಮದುವೆಯಾದಾಗಿನಿಂದ ತಿಂದ ಹನ್ನೊಂದು ವರ್ಷದ ಏಟುಗಳನ್ನು, ನೆನಪಿದ್ದಷ್ಟನ್ನೂ ಬರೆಸಿದಳು. ಬರೆದುಕೊಳ್ಳುತ್ತಿದ್ದ ಪೇದೆ ಎರಡು ಸಲ ಪೆನ್ನು ಕೆಳಗಿಟ್ಟ. ಭಾವನಿಗೆ ನಾಲ್ಕು ವರ್ಷ ಜೈಲಾಯಿತು. ಸೀಸೆ ಹೊಡೆದದ್ದು ಪ್ರಾಣರಕ್ಷಣೆಗೆಂದು ನ್ಯಾಯಾಲಯ ಅವಳನ್ನು ಬಿಟ್ಟಿತು. ಮೊದಲ ಏಟು ಮಾತ್ರ ಹಾಗಿತ್ತೆಂಬುದು ಅವಳಿಗೆ ಗೊತ್ತಿತ್ತು.

ಎಡಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ತೊಟ್ಟಿಯ ಕೆಲಸ ಈಗ ಅವಳದೇ ಉಸ್ತುವಾರಿ. ನೀರು ಪರೀಕ್ಷಿಸದೆ ಪುಡಿ ಬೀಳುವುದಿಲ್ಲ. ಶಾಯಿ ಎರಡು ವರ್ಷ ಅಲುಗದೆ ನಿಲ್ಲುತ್ತದೆ.

ಒಂದು ಭಾನುವಾರ, ಈಗ ಅದೇ ಕೋಣೆಯಲ್ಲಿ ಜೊತೆಗಿರುವ ಅಕ್ಕ ಅವಳ ಶಾಯಿ ಪರೀಕ್ಷೆಯ ಹಾಳೆಗಳನ್ನು ರದ್ದಿ ಎಂದುಕೊಂಡು ಮಾರಿಬಿಟ್ಟಳು. ಸೀಸೆ ಕಿರುಚುತ್ತ ಎದ್ದವಳು ತನ್ನ ಬಲಗೈ ಗಾಳಿಯಲ್ಲಿರುವುದನ್ನು ಕಂಡಳು. ಅಕ್ಕ ಆಗಲೇ ಮೊಣಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಸೀಸೆ ಕೈ ಇಳಿಸಿ ನೆಲದ ಮೇಲೆ ಕೂತುಬಿಟ್ಟಳು.

“ತಪ್ಪಾಯ್ತಕ್ಕ.”

ಅಂದಿನಿಂದ ಜಗಳ ಶುರುವಾದರೆ ಸಾಕು, ಅವಳು ಎಲ್ಲಿದ್ದರಲ್ಲೇ ಕೂತುಬಿಡುತ್ತಾಳೆ. ಅಕ್ಕ ನಿಂತುಕೊಂಡು, ಸೊಂಟಕ್ಕೆ ಕೈಕೊಟ್ಟು, ಕೆಳಗಿನ ದರ್ಜಿಗೂ ಕೇಳಿಸುವಂತೆ ಬೈಯುತ್ತಾಳೆ.